ಟೇಬಲ್ ಖಾಲಿಯಾದ ದಿನ

ಮಾನವಮಿ ಹಬ್ಬ ಹತ್ತಿರ ಬಂತೆಂದರೆ ನಮ್ಮ ಅತ್ತೆ ಶಂಕ್ರಮ್ಮನವರ ಕೈಗೆ ಸಿಕ್ಕಿದ್ದೆಲ್ಲ ನೀರು ಕಾಣಲೇಬೇಕು. ರಾಯಚೂರು ಬಿಟ್ಟು ಹೈದರಾಬಾದಿನ ಸನತ್‌ನಗರಕ್ಕೆ ಬಂದರೂ ಅದು ತಪ್ಪಿಲ್ಲ. ಕೌದಿ, ಕೊಡ, ಕಿಟಕಿ, ಕೈಗೆ ಸಿಕ್ಕರೆ ನನ್ನನ್ನೂ ತೊಳೆದು ಒಣಹಾಕುವ ಪೈಕಿ. ಆದರೆ ನನ್ನ ಟೇಬಲ್ಲಿಗೆ ಕೈ ಹಾಕುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಸಂತೆಯಿಂದ ಬಂದು ನೋಡಿದೆ. ಪೆನ್ನುಗಳು ಉಪ್ಪಿನಕಾಯಿ ಬಾಟಲಿಯಲ್ಲಿ ನಿಂತಿದ್ದವು. ವೈರುಗಳನ್ನು ಜಡೆ ಹೆಣೆದಿದ್ದರು. ಸೀಡಿಗಳು, ಸ್ಟೇಪ್ಲರ್, ನನ್ನ ವೈದ್ಯಕೀಯ ನಿಘಂಟು ಎಲ್ಲ ಒಂದು ಅರಿವೆಯ ಗಂಟಿನಲ್ಲಿದ್ದವು. ಕಾಲಿನ ಪೆಡಲ್ ಮಾತ್ರ ಕಾಣಲಿಲ್ಲ.

ಅಮೆರಿಕದ ಡಾಕ್ಟರುಗಳು ರೋಗಿಗಳ ವಿವರ ಹೇಳಿ ರೆಕಾರ್ಡ್ ಮಾಡಿ ಕಳಿಸುತ್ತಾರೆ, ನಾನು ಕೇಳಿ ಟೈಪ್ ಮಾಡುತ್ತೇನೆ. ಪೆಡಲ್ ತುಳಿದರೆ ಅವರ ಮಾತು ಓಡುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ. ಆರು ತಿಂಗಳ ಪರೀಕ್ಷಾ ಅವಧಿಯ ಕೊನೆಯ ಫೈಲುಗಳು ಅಂದು ಸಂಜೆ ಏಳರೊಳಗೆ ಹೋದರೆ ಕೆಲಸ ಕಾಯಂ. ಕಾಯಂ ಆಗದಿದ್ದರೆ ಹಬ್ಬಕ್ಕೆ ಕಂಪ್ಯೂಟರ್ ಮಾರಿಬಿಡುವುದೆಂದು ಗಂಡ ಭೀಮಾಶಂಕರ ಹೇಳಿಯಾಗಿತ್ತು. ಬಿ.ಎಸ್ಸಿ. ಮುಗಿಸಿ ವರ್ಷಾನುಗಟ್ಟಲೆ ಬರೀ ರೊಟ್ಟಿ ಬಡಿದವಳು ನಾನು. ಆ ಟೇಬಲ್ ಹೋದರೆ ನನ್ನದು ಅನ್ನುವುದು ಈ ಮನೆಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಪೆಡಲ್ ಅಂಗಳದ ಬಿಸಿಲಿನಲ್ಲಿ ಬೋರಲಾಗಿ ಬಿದ್ದಿತ್ತು. ಎತ್ತಿದರೆ ಒಳಗಿಂದ ಸೋಪಿನ ನೀರು ಸುರಿಯಿತು.

"ಯಾರು ಹೇಳಿದ್ರು ನಿಮಗ ಇದನ್ನ ತೊಳೀಲಿಕ್ಕೆ?" ಎಂದೆ. ನನ್ನ ದನಿ ನನಗೇ ಹೆದರಿಕೆ ಹುಟ್ಟಿಸಿತು.

"ಭೀಮು ಹೇಳ್ಯಾನವ್ವ. ಸಂಜೀಕ ಸತೀಶ ಬಂದು ಎಲ್ಲಾ ಒಯ್ಯಾಂವ ಅದಾನಂತ. ಚಂದಗೆ ಸ್ವಚ್ಛ ಮಾಡಿ ಕಟ್ಟಿಡು ಅಂದ. ನಿನಗ ಹೇಳಿಲ್ಲೇನು?"

ನನಗೆ ಹೇಳಿರಲಿಲ್ಲ. ನನ್ನ ಕೊನೆಯ ಸಂಜೆಯನ್ನೂ ಕಾಯದೆ, ತಮ್ಮ ಫ್ಯಾಕ್ಟರಿಯ ಗೆಳೆಯ ಸತೀಶನಿಗೆ ಮಾತು ಕೊಟ್ಟಿದ್ದರು. ನಾನು ಅಂಗಳದಲ್ಲೇ ಕುಕ್ಕರಿಸಿ ಅತ್ತುಬಿಟ್ಟೆ. ನಾಚಿಕೆ ಗೀಚಿಕೆ ಏನೂ ಆಗಲಿಲ್ಲ.

ಎದ್ದು ಜಡೆ ಬಿಚ್ಚಿ ವೈರು ಸಿಕ್ಕಿಸಿದೆ. ಕಂಪ್ಯೂಟರ್ ಪುಣ್ಯಕ್ಕೆ ಹತ್ತಿಕೊಂಡಿತು. ಪೆಡಲ್ ಸತ್ತಿತ್ತು. ಮಾತು ನಿಲ್ಲಿಸಿ ಓಡಿಸಲು ಕೀಬೋರ್ಡಿನಲ್ಲೂ ಒಂದು ಗುಂಡಿ ಇದೆ, ಆದರೆ ಪ್ರತಿ ಸಲ ಟೈಪಿಂಗ್ ಬಿಟ್ಟು ಅಲ್ಲಿಗೆ ಕೈ ಹೋಗಬೇಕು. ಮೊದಲ ಫೈಲಿಗೇ ಎರಡು ತಾಸು ಹಿಡಿಯಿತು. ಹೀಗಾದರೆ ಏಳಕ್ಕಲ್ಲ, ನಾಳೆ ಏಳಕ್ಕೂ ಆಗುವ ಮಾತಲ್ಲ. ಅವಸರಕ್ಕೆ ತಪ್ಪುಗಳು ಬೀಳತೊಡಗಿದವು.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಯಾವ ಗುಂಡಿ ಅದು?" ಎಂದು ಕೇಳಿದರು. ನಾನು ಸಿಟ್ಟಿನಲ್ಲಿ ತೋರಿಸಿದೆ. ಹಣೆಯ ಕುಂಕುಮವನ್ನು ಬೆರಳಿಗೆ ಹಚ್ಚಿಕೊಂಡು ಗುಂಡಿಯ ಮೇಲೆ ಬೊಟ್ಟಿಟ್ಟರು. ಸ್ಟೂಲ್ ಎಳೆದುಕೊಂಡು ಪಕ್ಕಕ್ಕೆ ಕೂತರು.

"ನೀ ಗೋಣ ಹಾಕು. ನಾ ಒತ್ತತೀನಿ."

ಮೊದಮೊದಲು ಎಲ್ಲ ಎಡವಟ್ಟು. ನಾನು ಗೋಣು ಹಾಕುವ ಮೊದಲೇ ಒತ್ತುತ್ತಿದ್ದರು. ಬಯ್ದೆ, ಬಯ್ಯಿಸಿಕೊಂಡರು. ಬರಬರುತ್ತ ನನ್ನ ಉಸಿರು ನೋಡಿಯೇ ಒತ್ತತೊಡಗಿದರು. ಊಟಕ್ಕೂ ಏಳಲಿಲ್ಲ.

ಸಂಜೆ ಹೊರಗೆ ಆಟೋ ನಿಂತ ಸದ್ದಾಯಿತು. ಭೀಮಾಶಂಕರ ಒಳಗೆ ಬಂದರು, ಹಿಂದೆ ಸತೀಶ.

"ಇನ್ನಾ ಕಟ್ಟಿಲ್ಲೇನವ್ವ?" ಎನ್ನುತ್ತ ಗೋಡೆಯ ಸ್ವಿಚ್ಚಿಗೆ ಕೈ ಚಾಚಿದರು.

ಅತ್ತೆ ತಿರುಗಿ ನೋಡಲಿಲ್ಲ. "ಕೈ ತಗಿ. ಇನ್ನಾ ಎರಡು ಉಳದಾವ. ಸತೀಶಗ ಚಾ ಮಾಡಿ ಕೊಡು, ಹೋಗು."

"ನಾನಾ?"

"ಮತ್ತ್ಯಾರು? ನಾವಿಬ್ರೂ ಕೆಲಸದಾಗ ಅದೀವಿ."

ಭೀಮಾಶಂಕರ ಸ್ವಿಚ್ಚಿನಿಂದ ಕೈ ತೆಗೆದರು. ನಾನು ಗೋಣು ಹಾಕಿದೆ, ಡಾಕ್ಟರರ ಮಾತು ನಿಂತಿತು. ಟೈಪ್ ಮಾಡಿದೆ, ಮತ್ತೆ ಓಡಿತು. ಆಮೇಲೆ ಅಡುಗೆಮನೆಯಲ್ಲಿ ಡಬ್ಬಿಗಳ ಸದ್ದು ಕೇಳಿಸಿತು.

"ಚಾ ಪುಡಿ ಎಲ್ಲೈತಿ?"

ನಾನು ಕೊನೆಯ ಫೈಲು ತೆರೆದು ಗೋಣು ಹಾಕಿದೆ, ಅತ್ತೆ ಗುಂಡಿ ಒತ್ತಿದರು.