ಬಂದಿದ್ದಕ್ಕೆ ಒಂದು ಎಲೆ

ಗಂಡ ತೀರಿಕೊಂಡ ಮೇಲೆ ಅವಳು ತೂಕ ಇಳಿಸುವ ತರಗತಿಗೆ ಬಂದದ್ದು ಅದೇ ಮೊದಲು. ಬರಬಾರದಿತ್ತೇನೋ. ಆದರೆ ಬೇಕರಿ ಕೆಲಸ ಮುಗಿಸಿ ಹೊರಬಿದ್ದ ಕಾಲುಗಳು ರೂಢಿಯಂತೆ ಈ ಮೆಟ್ಟಿಲು ಹತ್ತಿದ್ದವು. ಇಲ್ಲಿ ಯಾರಿಗೂ ವಿಷಯ ಗೊತ್ತಿಲ್ಲ. ಗೊತ್ತಿಲ್ಲದವರ ನಡುವೆ ಒಂದು ಗಂಟೆ ಸುಮ್ಮನೆ ಕೂತು ಎದ್ದರೆ ಸಾಕು ಎಂಬುದಷ್ಟೇ ಅವಳ ಆಸೆ.

"ಕೇಕ್ ಅಕ್ಕ ಬಂದ್ರು," ಎಂದಳು ಸಾಲಿನಲ್ಲಿ ಮುಂದಿದ್ದ ನರ್ಸು. ಬೇಕರಿಯಲ್ಲಿ ಕೇಕಿನ ಮೇಲೆ ಕ್ರೀಮಿನ ಹೂ ಬಿಡಿಸುವುದು ಅವಳ ಕೆಲಸ. ಹೆಸರು ಹಾಗೇ ಅಂಟಿಕೊಂಡಿತ್ತು. "ಎಲ್ಲಿ ಮಾಯ ಆಗಿದ್ರಿ? ಕ್ರೀಮ್ ನೆಕ್ಕಿ ತಲೆಮರೆಸಿಕೊಂಡ್ರು ಅಂದ್ಕೊಂಡ್ವಿ."

ಅವಳು ನಕ್ಕಳು. ನಗು ಇನ್ನೂ ಬರುತ್ತದಲ್ಲ ಎಂದು ನಾಚಿಕೆಯಾಯಿತು.

ತೂಕದ ಯಂತ್ರ ಹತ್ತುವ ಮುಂಚೆ ಎಲ್ಲರೂ ಚಪ್ಪಲಿ, ಬೆಲ್ಟು, ಓಲೆ ಕಳಚುತ್ತಾರೆ. ಕನ್ನಡಕವನ್ನೂ ತೆಗೆದಿಟ್ಟು, ಅಂಕಿ ಕಾಣದೆ ಪರದಾಡುವವರೂ ಉಂಟು.

"ವಾಚ್ ತೆಗೀರಿ ಅಕ್ಕ," ಎಂದಳು ಟೀಚರ್. "ಗಂಡಸರದ್ದು, ಒಳ್ಳೆ ಕಲ್ಲಿನ ಹಾಗಿದೆ."

"ಇರಲಿ ಬಿಡಿ."

ಅಂಕಿ ನಿಂತಿತು. ಟೀಚರ್ ಚಪ್ಪಾಳೆ ತಟ್ಟಿದಳು. "ವಾಚ್ ಸಮೇತ ಇಷ್ಟು ಇಳಿದಿದ್ದೀರಾ! ಇವತ್ತು ಬಂಗಾರದ ನಕ್ಷತ್ರಾನೇ."

ಇಷ್ಟು ದಿನ ಅವಳಿಗೆ ಸಿಕ್ಕಿದ್ದೆಲ್ಲ ಹಸಿರೆಲೆಯ ಸ್ಟಿಕ್ಕರ್. ತೂಕ ಇಳಿಯದಿದ್ದರೂ ಬಂದಿದ್ದಕ್ಕೆ ಕೊಡುವಂಥದ್ದು. ಬಸ್ ಓಡಿಸುತ್ತಿದ್ದ ಗಂಡ ಅವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತ, "ತೋಟ ಚೆನ್ನಾಗಿ ಬಂತು ಕಣೇ. ಬಂಗಾರದ ನಕ್ಷತ್ರ ಸಿಕ್ಕಿದ ದಿನ ನನ್ನ ಹಣೆಗೇ ಅಂಟಿಸು. ಬಸ್ಸಿನೋರೆಲ್ಲ ನೋಡ್ಲಿ," ಎನ್ನುತ್ತಿದ್ದ.

ಬಂಗಾರದ್ದು ಗೆದ್ದವರು ಎಲ್ಲರೆದುರು ನಿಂತು ತೂಕ ಇಳಿಸಿದ ಗುಟ್ಟು ಹೇಳಬೇಕು. ಅದು ಅಲ್ಲಿಯ ಪದ್ಧತಿ.

ಸುಳ್ಳು ಹೇಳಿಬಿಡೋಣ ಎಂದುಕೊಂಡಳು. ನಡಿಗೆ ಎಂದರಾಯಿತು, ಸೌತೆಕಾಯಿ ಎಂದರಾಯಿತು. ಬಾಯಿ ತೆರೆದರೆ ಬಂದದ್ದೇ ಬೇರೆ. "ರಾತ್ರಿ ಊಟ ಬಿಟ್ಟೆ."

"ಪೂರ್ತಿನಾ?" ನರ್ಸು ಪೆನ್ನು ತೆಗೆದಳು.

"ಹ್ಞೂಂ. ಬೆಳಿಗ್ಗೆದೂ."

ಹಿಂದಿನ ಸಾಲಿನಲ್ಲಿ ಹೈಸ್ಕೂಲು ಹುಡುಗಿಯೊಬ್ಬಳು ತಾಯಿಯ ಜೊತೆ ಕೂತಿದ್ದಳು. ಅವಳೂ ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದಳು. ಮಣಿಕಟ್ಟು ಕಡ್ಡಿಯಷ್ಟಿತ್ತು.

"ಬರ್ಕೋಬೇಡಮ್ಮ," ಎಂದಳು ಕೇಕ್ ಅಕ್ಕ. "ಯಾರೂ ಬರ್ಕೋಬೇಡಿ. ನಮ್ಮನೆಯವರು ಹೋಗಿಬಿಟ್ರು. ತುತ್ತು ಗಂಟಲಲ್ಲಿ ಇಳೀತಿಲ್ಲ, ಅಷ್ಟೆ. ಇದರಲ್ಲಿ ಗುಟ್ಟು ಏನೂ ಇಲ್ಲ."

ಟೀಚರ್ ಬೆರಳ ತುದಿಯಲ್ಲಿ ನಕ್ಷತ್ರ ಅಂಟಿಕೊಂಡಿತ್ತು. ಹಾಳೆಯಿಂದ ಬಿಡಿಸಿಯಾಗಿತ್ತು, ಮತ್ತೆ ಕೂರುತ್ತಿರಲಿಲ್ಲ. ಹುಡುಗಿ ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡಳು.

ನರ್ಸು ಎದ್ದು ಬಂದು ತನ್ನ ಚೀಲದಿಂದ ಪೊಟ್ಟಣ ತೆಗೆದಳು. ತಿಂಡಿ ತರಬಾರದು ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು. "ಮುಗಿದ ಮೇಲೆ ಕದ್ದು ತಿನ್ನೋಣ ಅಂತ ತಂದಿದ್ದೆ. ನಿಮ್ಮ ಬೇಕರಿದೇ. ಟೀಚರ್, ಆಮೇಲೆ ಬೈಕೊಳ್ಳಿ."

ಬನ್ನಿನ ಮೇಲೆ ಬೆಳಿಗ್ಗೆ ತಾನೇ ಬಿಡಿಸಿದ್ದ ಹೂ ಸ್ವಲ್ಪ ಅಪ್ಪಚ್ಚಿಯಾಗಿತ್ತು. ಕೇಕ್ ಅಕ್ಕ ಅಂಚು ಮುರಿದು ಬಾಯಿಗಿಟ್ಟಳು. ಬಹಳ ಹೊತ್ತು ಅಗಿದಳು. ನರ್ಸು ನೀರಿನ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಕೊನೆಗೆ ಅದು ಇಳಿಯಿತು.

"ಇದನ್ನ ಏನು ಮಾಡ್ಲಿ ಅಕ್ಕ?" ಟೀಚರ್ ಬೆರಳೆತ್ತಿ ಮೆಲ್ಲಗೆ ಕೇಳಿದಳು.

"ನನಗದು ಬೇಡ. ಎಲೆದೇ ಕೊಡಿ." ಅವಳು ಗಂಡನ ವಾಚನ್ನು ಸರಿಪಡಿಸಿಕೊಂಡಳು. "ಬಂದಿದ್ದೀನಲ್ಲ."