ತಿಳಿನೀಲಿಯ ಅರ್ಥ

ನಾನು ಒಂದು ಸೂಚಿಪಟ್ಟಿ. ನಕಾಶೆಯ ಮೂಲೆಯಲ್ಲಿ ಕುಳಿತು, ಯಾವ ಬಣ್ಣಕ್ಕೆ ಏನು ಅರ್ಥವೆಂದು ಹೇಳುವುದು ನನ್ನ ಕೆಲಸ. ನಾನು ಹುಟ್ಟಿದ್ದು ಕಾಗದದ ಮೇಲಲ್ಲ. ಒಂದು ಜಿಲ್ಲಾ ಕಚೇರಿಯ ಎರಡನೆಯ ಮಹಡಿಯಲ್ಲಿ, ಹಳೆಯ ಕಂಪ್ಯೂಟರಿನ ಪರದೆಯ ಮೇಲೆ.

ನನ್ನನ್ನು ಮಾಡಿದವಳು ನೀಲಾಂಬಿಕಾ. ಗುತ್ತಿಗೆ ನೌಕರಿಯವಳು, ನಕಾಶೆಯ ಕೆಲಸವನ್ನು ಸಂಜೆ ತರಗತಿಯಲ್ಲಿ ಕಲಿತವಳು. ಸಂಖ್ಯೆ ಹೆಚ್ಚಿದಂತೆ ಬಣ್ಣ ಗಾಢವಾಗಬೇಕೆಂದು ಅಲ್ಲಿ ಹೇಳಿಕೊಟ್ಟಿದ್ದರು. ಅವಳು ಅದನ್ನು ತಪ್ಪದೆ ಪಾಲಿಸಿದಳು. ಹೊಳೆಯ ನೀರು ಯಾವ ಊರಿಗೆ ಇನ್ನೆಷ್ಟು ತಾಸಿಗೆ ಬರುತ್ತದೆ ಎಂದು ತೋರಿಸುವ ನಕಾಶೆ ಅದು. ಹನ್ನೆರಡು ತಾಸಿದ್ದರೆ ಕಡುನೀಲಿ, ಆರಿದ್ದರೆ ನೀಲಿ, ಎರಡು ತಾಸಿನೊಳಗಾದರೆ ತಿಳಿನೀಲಿ. ಹೊತ್ತು ಸರಿದಂತೆ ಊರುಗಳ ಬಣ್ಣ ತಾನಾಗಿಯೇ ಬದಲಾಗುತ್ತಿತ್ತು. ನನ್ನ ಅಕ್ಷರಗಳನ್ನು ಅವಳು ಹತ್ತು ಸಲ ತಿದ್ದಿದಳು.

ಮೇಲಧಿಕಾರಿ ಹುದ್ದಾರ ಸಾಹೇಬರು ಅದನ್ನು ತಮ್ಮ ಫೋನಿನಲ್ಲಿ ನೋಡಿದರು.

"ಏನವಾ ಇದು, ಅರ್ಧ ನಕಾಶಿ ಈ ಡಬ್ಬೀನ ನುಂಗೇತಿ. ಫೋನಿನ್ಯಾಗ ಇದನ್ನ ಮಡಚಿ ಇಡು. ಬೇಕಾದವ್ರು ತಗದು ನೋಡ್ತಾರ."

"ತಗದು ನೋಡದಿದ್ರ, ಸರ್?"

"ನೀಲಿ ಅಂದ್ರ ನೀರು ಅಂತ ಯಾರಿಗೆ ಗೊತ್ತಿಲ್ಲ?"

ಅವಳು ಕೀಲಿಮಣೆಯತ್ತ ತಿರುಗಿದಳು. ನಾನು ಮೂರು ಗೆರೆಯ ಸಣ್ಣ ಗುಂಡಿಯೊಳಗೆ ಮಡಚಿಕೊಂಡೆ.

ಶ್ರಾವಣದಲ್ಲಿ ಹೊಳೆ ಏರಿತು. ನಾನು ಸಾವಿರಾರು ಫೋನುಗಳನ್ನು ಸೇರಿದೆ. ಒಳಗಿನಿಂದ ನನಗೆ ಕಂಡದ್ದು ಜನರ ಗದ್ದ, ಒದ್ದೆ ಗಡ್ಡ, ಆತುರದ ಹೆಬ್ಬೆರಳು. ನನ್ನನ್ನು ತೆರೆದವರು ಬೆರಳೆಣಿಕೆಯಷ್ಟು.

ಒಂದು ಮಧ್ಯಾಹ್ನ ನೇಕಾರ ಸಂಕಣ್ಣನ ಫೋನಿನಲ್ಲಿದ್ದೆ. ಅವನದು ಕುಣಿಮಗ್ಗ, ಕಾಲುಗಳನ್ನು ನೆಲದ ಕುಣಿಯಲ್ಲಿ ಇಳಿಬಿಟ್ಟು ನೇಯುತ್ತಿದ್ದ. ಊರವರು ಆಗಲೇ ದಿಬ್ಬದ ಮೇಲಿನ ಶಾಲೆಗೆ ಹೊರಟಿದ್ದರು. ಹೆಂಡತಿ ಕಾಶವ್ವ ಗಂಟು ಕಟ್ಟಿ ಬಾಗಿಲಲ್ಲಿ ನಿಂತಿದ್ದಳು. ಅವನು ಫೋನನ್ನು ಅವಳತ್ತ ಹಿಡಿದ.

"ನೋಡಿಲ್ಲಿ, ಮುಂಜಾನಿ ನಮ್ಮೂರು ಕಡುನೀಲಿ ಇತ್ತು. ಈಗ ತಿಳಿ ಆಗೇತಿ. ನೀರು ಇಳ್ಯಾಕ ಹತ್ತೇತಿ."

"ಆ ಮೂಲ್ಯಾಗ ಏನೋ ಗುಂಡಿ ಐತಿ. ಒತ್ತಿ ನೋಡ್ರಿ."

"ನಲವತ್ತು ವರ್ಷ ನೂಲಿಗೆ ನೀಲಿ ಹಾಕೀನಿ. ಒಂದ ಸಲ ಅದ್ದಿದ್ರ ತಿಳಿ, ಹತ್ತು ಸಲ ಅದ್ದಿದ್ರ ಕಡು. ನನಗ ನೀಲಿ ಕಲಿಸ್ತೀಯೇನ?"

"ಹೂಂ, ನೀವ ಶಾಣ್ಯಾರು. ನಾ ಅಂತೂ ಹೊಂಟೆ."

"ನಡಿ. ಸೆರಗು ಒಂದು ಗೇಣು ಉಳದೈತಿ, ಮುಗಿಸಿ ಬರ್ತೀನಿ."

ನಾನು ಅವನ ಹೆಬ್ಬೆರಳಿಗೆ ಅರ್ಧ ಅಂಗುಲ ದೂರದಲ್ಲಿದ್ದೆ. ಮಡಚಿಟ್ಟ ಪಟ್ಟಿಗೆ ತಾನಾಗಿ ತೆರೆದುಕೊಳ್ಳಲು ಬರುವುದಿಲ್ಲ. ಒಂದೂವರೆ ತಾಸಿನ ಮೇಲೆ ಮೊದಲು ತುಂಬಿದ್ದು ಕುಣಿ. ಅವನು ಮೇಲೆದ್ದ, ಆದರೆ ಬಾಗಿಲಿಗೆ ಹೋಗದೆ ಸೀರೆಯನ್ನು ಮಗ್ಗದಿಂದ ಕತ್ತರಿಸಿಕೊಳ್ಳಲು ಬಗ್ಗಿದ. ಹಿತ್ತಿಲ ಗೋಡೆ ಕುಸಿಯಿತು. ಫೋನು ನೀರಿಗೆ ಬಿತ್ತು. ಅಲ್ಲಿ ನಾನು ಆರಿದೆ.

ತಿಂಗಳಾದ ಮೇಲೆ ಕಾಶವ್ವ ಕಚೇರಿಯ ಮೆಟ್ಟಿಲು ಹತ್ತಿ ಬಂದಳು. ಹಣೆ ಬರಿದಾಗಿತ್ತು.

"ಯವ್ವಾ, ಆ ನಕಾಶ್ಯಾಗ ತಿಳಿನೀಲಿ ಅಂದ್ರ ಏನು?"

ನೀಲಾಂಬಿಕಾ ನನ್ನನ್ನು ತೆರೆದಳು. ಕಾಶವ್ವ ಪರದೆಗೆ ಬೆರಳು ಹಚ್ಚಿ, ಅಕ್ಷರ ಕೂಡಿಸಿ ಓದಿದಳು. 'ಎರಡು ತಾಸಿನೊಳಗೆ ನೀರು ಬರುತ್ತದೆ.' ಬಹಳ ಹೊತ್ತು ಬೆರಳು ಅಲ್ಲೇ ಇತ್ತು.

"ಹಂಗಾರ ನೀ ಇದನ್ನ ಬರದಿಟ್ಟಿದ್ದಿ," ಎಂದಳು. "ನಾನೂ ಒತ್ತಿ ನೋಡ್ರಿ ಅಂದಿದ್ದೆ."

ಸೆರಗನ್ನು ಬಾಯಿಗೆ ಒತ್ತಿಕೊಂಡು ಇಳಿದು ಹೋದಳು. ಬೈದಿದ್ದರೆ ನೀಲಾಂಬಿಕಾಗೆ ಅಳು ಬರುತ್ತಿತ್ತೇನೋ.

ಅಂದೇ ಅವಳು ಹೊಸ ಪಟ್ಟಿ ಮಾಡಿದಳು. ಅದರಲ್ಲಿ ಎರಡು ತಾಸಿಗೆ ಕೆಂಪು. ಅದು ಮಡಚಿಕೊಳ್ಳುವುದಿಲ್ಲ. ಸಾಹೇಬರು ಅದಕ್ಕೆ ಒಪ್ಪಿಗೆ ಕೊಟ್ಟರು. ನನ್ನನ್ನು 'ಹಳೆಯವು' ಎಂಬ ಕಡತಕ್ಕೆ ಸರಿಸಿದರು.

ಇಲ್ಲಿ ಯಾರೂ ಬರುವುದಿಲ್ಲ. ನನ್ನಲ್ಲಿ ಬರೆದದ್ದು ಒಂದಕ್ಷರವೂ ಸುಳ್ಳಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಆ ದಿನ ಅವನೂರು ಹೊತ್ತು ಸರಿದಂತೆ ತಿಳಿಯಾಗುತ್ತ ಹೋದದ್ದು ನೆನಪಾಗುತ್ತದೆ. ಅಕ್ಷರಗಳಿಲ್ಲದೆ ಬರೀ ಆ ಬಣ್ಣವನ್ನಷ್ಟೇ ನೋಡಿದ್ದರೆ, ನೀರು ಇಳಿಯುತ್ತಿದೆ ಎಂದೇ ನಾನೂ ಓದುತ್ತಿದ್ದೆ.