ಫಿಲ್ಟರ್ ಮುಚ್ಚಳದ ರಿಂಗು

ಯಂಕಪ್ಪ ಯಾವುದನ್ನೂ ‘ಹೋಗಲಿ ಬಿಡು’ ಅಂತ ಬಿಡುವ ಜಾತಿಯವನಲ್ಲ. ಕಲಬುರಗಿ–ಕಮಲಾಪುರದ ನಡುವೆ ಹಣಮಂತರಾಯರ ಬಾಡಿಗೆ ಮೋಟಾರು ಓಡಿಸುತ್ತಿದ್ದ. ಗಾಡಿ ನಿಂತರೆ ಉಳಿದ ಡ್ರೈವರುಗಳು ದೇವರನ್ನು ನೆನೆಯುತ್ತಿದ್ದರು, ಇಲ್ಲವೆ ಗಾಲಿಗೆ ಒದೆಯುತ್ತಿದ್ದರು. ಇವನು ಬಾನೆಟ್ ಎತ್ತಿ ತಲೆ ತೂರಿಸಿ, “ಯಾಕವ್ವಾ, ಏನಾತು?” ಅಂತ ಇಂಜಿನನ್ನೇ ಕೇಳುತ್ತಿದ್ದ. ನಕ್ಕವರು ನಕ್ಕರು, ಕೇಳಿದವನಿಗೆ ಮಾತ್ರ ಬಹಳ ಸಲ ಉತ್ತರ ಸಿಕ್ಕಿತ್ತು.

ಅಂಥವನೇ ಈಗ ಪೇಚಿಗೆ ಸಿಕ್ಕಿದ್ದ. ಎಣ್ಣೆ ಸೋಸುವ ಫಿಲ್ಟರನ್ನೂ ಅದರ ಮುಚ್ಚಳದ ರಬ್ಬರ್ ರಿಂಗನ್ನೂ ಬದಲಿಸಿದ ಮರುದಿನವೇ ಗಾಡಿ ಎಣ್ಣೆ ಸೋರತೊಡಗಿತು. ದಾರಿಯ ಮಹಾಗಾಂವದಲ್ಲಿ ಜನರನ್ನು ಇಳಿಸಲು ನಿಲ್ಲಿಸಿದಾಗ, ಮುಂದಿನ ಸೀಟಿನಲ್ಲಿದ್ದ ಹಣಮಂತರಾಯರೇ ನೆಲದ ಮೇಲಿನ ಕಪ್ಪು ಹನಿಗಳನ್ನು ನೋಡಿದರು. ಯಂಕಪ್ಪ ಪಾನಾ ಹಿಡಿದು ಮುಚ್ಚಳದ ಬೋಲ್ಟನ್ನು ಇನ್ನಷ್ಟು ಬಿಗಿದ. ಸೋರುವುದು ನಿಲ್ಲುವ ಬದಲು ಹೆಚ್ಚಾಯಿತು. ಹೇಗೋ ಎಣ್ಣೆ ಸುರಿಯುತ್ತ ಸುರಿಯುತ್ತ ಕಮಲಾಪುರ ಮುಟ್ಟಿಸಿದ.

“ಎಣ್ಣಿ ಹೋತಂದ್ರ ಇಂಜಿನ್ ಹೋತು, ಇಂಜಿನ್ ಹೋತಂದ್ರ ನಾ ಹೋದೆ,” ಅಂದರು ರಾಯರು. “ನಾಳಿ ಮುಂಜಾನಿ ನಿನ್ನ ಮನಿ ಮುಂದ ಬಂದು ನಿಂದರ್ತೀನಿ. ಒಂದು ಹನಿ ಬಿತ್ತಂದ್ರೂ ಕೀಲಿಕೈ ಇಟ್ಟು ಹೋಗು. ಬ್ಯಾರೆ ಡ್ರೈವರ್ ನೋಡ್ಕೊಂತೀನಿ.” ಸ್ವಲ್ಪ ತಡೆದು, ದನಿ ತಗ್ಗಿಸಿ, “ರಿಂಗ್ ಯಾರ ಅಂಗಡ್ಯಾಗ ತಂದಿದ್ದಿ? ಕರೀಂಸಾಬನ ಕಡೀನ? ಹಂಗಂದ್ರ ಬೇಕಂತನೇ ಖೊಟ್ಟಿ ಮಾಲ್ ಕೊಟ್ಟಾನ ಬಿಡು,” ಅಂದರು.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್, ಅದರ ಹಿಂದುಮುಂದಿನ ಹಿಂದೂ–ಮುಸ್ಲಿಂ ಗದ್ದಲ ಆಗಿ ಎರಡು ಬೇಸಿಗೆ ಕಳೆದಿದ್ದವು. ಏನು ಕೆಟ್ಟರೂ ಕಾರಣ ಹುಡುಕದೆ ಹೆಸರು ಹುಡುಕುವ ರೋಗ ಊರೂರಿಗೆ ಅಂಟಿತ್ತು. ಎತ್ತು ಈದಿದೆ ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ. ಹಣಮಂತರಾಯರು ಕೆಟ್ಟವರಲ್ಲ, ಆದರೆ ಅವರಿಗೂ ಆ ರೋಗ ತಗುಲಿತ್ತು. ಯಂಕಪ್ಪ ಮಾತ್ರ ಆ ಮಾತು ನಂಬಲಿಲ್ಲ. ಕಲಬುರಗಿಯ ಜಗತ್ ಪ್ರದೇಶದ ತನ್ನ ಅಂಗಡಿಯಲ್ಲಿ ಕರೀಂಸಾಬ್ ಆ ರಿಂಗನ್ನು ಬೆರಳಿಂದ ಎಳೆದು, ಬೆಳಕಿಗೆ ಹಿಡಿದು ನೋಡಿಯೇ ಕೊಟ್ಟಿದ್ದ. ರಿಂಗಿನಲ್ಲಿ ದೋಷವಿರಲಿಲ್ಲ. ಹಾಗಾದರೆ ದೋಷ ಎಲ್ಲಿ?

ಕೆಲಸ ಹೋದರೆ ಅವನ ಮನೆಯ ಒಲೆ ಹೊತ್ತುವುದಿಲ್ಲ. ಮನೆಯಲ್ಲಿ ಇದ್ದದ್ದು ಅವನು ಮತ್ತು ತಂಗಿ ಸೂಗಮ್ಮ. ಗದ್ದಲದ ವರ್ಷ ಅವಳ ಗಂಡ ಸಂತೆಗೆ ಹೋದವನು ಹೆಣವಾಗಿ ಬಂದಿದ್ದ. ಅಂದಿನಿಂದ ಅಣ್ಣನ ಮನೆಯಲ್ಲೇ ಇದ್ದಳು. ಹೊರಗಿನ ಗಂಡಸರು ಬಂದರೆ ಬಾಗಿಲ ಹಿಂದೆ ಸರಿಯುವಳು, ಮಾತು ಕಡಿಮೆ.

ಆ ಸಂಜೆ ಯಂಕಪ್ಪ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ತಾನು ಮಾಡಿದ್ದನ್ನೆಲ್ಲ ಮನಸ್ಸಿನಲ್ಲಿ ತಿರುವಿ ಹಾಕಿದ. ಅವನ ಗಾಡಿಯ ಫಿಲ್ಟರ್ ಅಂದರೆ ಇಂಜಿನ್ ಪಕ್ಕದ ಒಂದು ತಗಡಿನ ಡಬ್ಬಿ. ಅದಕ್ಕೊಂದು ಮುಚ್ಚಳ, ಮುಚ್ಚಳದ ಅಂಚಿನಲ್ಲಿ ಕೊರೆದ ತೋಡಿನಲ್ಲಿ ಕೂರುವ ರಬ್ಬರ್ ರಿಂಗು. ಎಣ್ಣೆಯನ್ನು ತಡೆಯುವುದು ಆ ರಿಂಗೇ. ಹಿಂದಿನ ದಿನ ಮುಂಜಾನೆ ಮುಚ್ಚಳ ಬಿಚ್ಚಿ, ಒಣ ರೊಟ್ಟಿಯ ಹಾಗೆ ಗಟ್ಟಿಯಾಗಿದ್ದ ಹಳೆಯ ರಿಂಗನ್ನು ತೆಗೆದು ಕಟ್ಟೆಯ ಮೇಲೆ ಇಟ್ಟಿದ್ದ. ತೋಡನ್ನು ಬಟ್ಟೆಯಿಂದ ಒರೆಸಿದ್ದ. ಬಸ್ಸು ಹತ್ತಿ ಕಲಬುರಗಿಗೆ ಹೋಗಿ ಹೊಸ ಫಿಲ್ಟರು, ಹೊಸ ರಿಂಗು ತಂದಿದ್ದ. ಬರುವಷ್ಟರಲ್ಲಿ ಮಬ್ಬುಗತ್ತಲೆ. ಮುಂಜಾನೆ ಒರೆಸಿದ್ದೇನಲ್ಲ ಅಂತ ತೋಡನ್ನು ನೋಡದೆ ರಿಂಗಿಗೆ ಎಣ್ಣೆ ಸವರಿ ಕೂರಿಸಿದ್ದ. ಮತ್ತೆ ಆ ಹಳೆಯ ರಿಂಗು? ಕಟ್ಟೆಯ ಮೇಲೆ ಇರಲಿಲ್ಲ. ಕಸದಲ್ಲಿ ಹೋಗಿರಬೇಕು ಅಂದುಕೊಂಡಿದ್ದ. ಈಗ ಕಸದಲ್ಲಿ ಕೈಯಾಡಿಸಿದ. ಅಲ್ಲಿಯೂ ಇರಲಿಲ್ಲ.

ಮುಂಜಾನೆ ಹಣಮಂತರಾಯರು ಹೇಳಿದ ಹಾಗೆ ಬಂದು ನಿಂತರು. ಯಂಕಪ್ಪ ಅವರ ಕಣ್ಣೆದುರೇ ಬೋಲ್ಟ್ ಬಿಚ್ಚಿ ಮುಚ್ಚಳ ಎತ್ತಿ ಬೆಳಕಿಗೆ ತಿರುಗಿಸಿದ. ಹೊಸ ರಿಂಗು ಅರ್ಧ ಹೊರಗೆ ಜಾರಿತ್ತು. ಅದನ್ನು ತೆಗೆದು ತೋಡಿನಲ್ಲಿ ಉಗುರು ಆಡಿಸಿದ. ತಳದಲ್ಲಿ ಕಪ್ಪಗೆ ಏನೋ ಎದ್ದಿತು. ಎಳೆದರೆ ಹಳೆಯ ರಿಂಗು!

“ಇದೇ ನೋಡ್ರಿ ಸಾವ್ಕಾರ್ರ!” ಅವನಿಗೆ ಕೆಲಸ ಹೋಗುವ ಭಯವೇ ಮರೆತುಹೋಯಿತು. “ಒಂದರ ಮ್ಯಾಲೊಂದು ಕೂತಾವ. ಒಂದೇ ಇದ್ರ ತೋಡಿನ್ಯಾಗ ಕಚ್ಚಿ ನಿಂದರ್ತದ. ಎರಡಾದ್ರ ಬಿಗದಂಗ ಬಿಗದಂಗ ಜಾರ್ತದ. ಕರೀಂಸಾಬರದು ಏನೂ ತಪ್ಪಿಲ್ರಿ.”

ರಾಯರ ಮುಖ ಬಿಗಿದುಕೊಂಡೇ ಇತ್ತು. “ಅಂದ್ರ ನೀ ಹಳೇದು ತಗದೇ ಇಲ್ಲ?”

“ತಗದಿದ್ದೆ...” ಅಂದ ಯಂಕಪ್ಪ. ತೆಗೆದದ್ದು ಖರೆ. ತೆಗೆದ ರಿಂಗು ಕಾಲು ಬಂದು ತಿರುಗಿ ಒಳಗೆ ಹೋಯಿತೇ? ಹಾಗಂದರೆ ಯಾರು ನಂಬುತ್ತಾರೆ? “ನೋಡದೇ ಹಾಕಿದ್ದು ನಂದೇ ತಪ್ಪು,” ಅಂತ ಕೀಲಿಕೈ ತೆಗೆಯಲು ಕಿಸೆಗೆ ಕೈ ಹಾಕಿದ.

“ಅಣ್ಣಂದಲ್ರಿ ತಪ್ಪು.”

ಬಾಗಿಲ ಹಿಂದಿನಿಂದ ಸೂಗಮ್ಮ ಅಂಗಳಕ್ಕೆ ಬಂದಿದ್ದಳು. ಗದ್ದಲದ ವರ್ಷದಿಂದ ಪರಗಂಡಸಿನ ಮುಂದೆ ಬಾಯಿ ಬಿಟ್ಟದ್ದು ಇದೇ ಮೊದಲು.

“ಅದನ್ನ ಒಳಗ ಇಟ್ಟಾಕಿ ನಾ. ಅಣ್ಣ ಹೊಸದು ತರಾಕ ಹೋಗಿದ್ದ. ಬಳಿ ಇಡಸೂ ಅಮೀನಾ ಎಲ್ಲಾ ಹಳೀ ಬಳಿ ಒಮ್ಮೆಗೇ ತಗ್ಯಾಂಗಿಲ್ರಿ. ಹೊಸಾವು ಏರೂತನ ಒಂದರೇ ಕೈಯಾಗ ಬಿಡ್ತಾಳ. ಮುತ್ತೈದಿ ಕೈ ಬರಿದಾಗಬಾರದಂತ. ಗಾಡಿ ನಮ್ಮ ಮನಿ ಲಕ್ಷ್ಮಿ. ಬರಿದು ಬಿಡಾಕ ಮನಸ್ಸಾಗ್ಲಿಲ್ಲ, ಒರಸಿ ಇಟ್ಟೆ. ಅಣ್ಣಗ ಹೇಳೂದು ಮರತೆ.” ನೆಲ ನೋಡುತ್ತ ಅಂದಳು: “ನನ್ನ ಕೈ ಬರಿದು ಮಾಡಿದಾಗ ಹೊಸಾವು ತರಾಕ ಯಾರೂ ಹೋಗಿರ್ಲಿಲ್ರಿ.”

ಮೂರು ಹೊತ್ತೂ ಗಾಡಿಯನ್ನು ಮಾತಾಡಿಸುವ ಯಂಕಪ್ಪ ಮನೆಯಲ್ಲಿದ್ದ ತಂಗಿಯನ್ನು ಒಮ್ಮೆಯೂ ಏನಾಯಿತವ್ವಾ ಅಂತ ಕೇಳಿರಲಿಲ್ಲ. ನಾಚಿಕೆಯಿಂದ ಅವನ ಕುತ್ತಿಗೆ ಬಗ್ಗಿತು. ತೋಡನ್ನು ಮತ್ತೆ ಮತ್ತೆ ಒರೆಸಿದ, ಅಗತ್ಯಕ್ಕಿಂತ ಹೆಚ್ಚು ಸಲ. ಆಮೇಲೆ ಹೊಸ ರಿಂಗನ್ನು ತಂಗಿಯ ಕಡೆ ಚಾಚಿದ.

“ಎಣ್ಣಿ ಹಚ್ಚಿ ನೀನೇ ಕೂಡಿಸು, ಬಾ.”

“ಹೊಸದಕ್ಕ ನನ್ನ ಕೈ ಬ್ಯಾಡಣ್ಣಾ,” ಅಂತ ಅವಳು ಹಿಂದೆ ಸರಿದು ಹಣಮಂತರಾಯರ ಮುಖ ನೋಡಿದಳು. ಬೆಕ್ಕು ಅಡ್ಡ ಬಂದರೆ ಗಾಡಿ ನಿಲ್ಲಿಸುವ ಮನುಷ್ಯ ಅವರು. ಯಂಕಪ್ಪ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ.

ರಾಯರು ರುಮಾಲು ಬಿಚ್ಚಿ ಮುಖ ಒರೆಸಿಕೊಂಡರು. “ಲಗೂ ಕೂಡಿಸವ್ವಾ,” ಅಂದರು. “ಕಲಬುರಗಿ ಮಂದಿ ಕಾಯಾಕತ್ತಾರ.”

ಸೂಗಮ್ಮ ಬೆರಳ ತುದಿಯಿಂದ ರಿಂಗಿನ ಸುತ್ತ ಎಣ್ಣೆ ಸವರಿದಳು. ತೋಡಿನೊಳಗೆ ಮೆಲ್ಲಗೆ ಒತ್ತುತ್ತ ಹೋದಳು, ಎಲ್ಲೂ ಮಡಚದ ಹಾಗೆ. ಯಂಕಪ್ಪ ಮುಚ್ಚಳ ಕೂಡಿಸಿ ಹದವಾಗಿ ಬಿಗಿದ, ಕಡ್ಡಿ ಅದ್ದಿ ನೋಡಿ ಸೋರಿದಷ್ಟು ಎಣ್ಣೆ ಸುರಿದು, ಇಂಜಿನ್ ಚಾಲೂ ಮಾಡಿದ. ಮೂವರೂ ಬಾಗಿ ಮುಚ್ಚಳದ ಅಂಚನ್ನೇ ನೋಡುತ್ತ ನಿಂತರು. ಇಂಜಿನ್ ಬಿಸಿಯಾಯಿತು. ರಾಯರು ಅಂಚಿನ ಸುತ್ತ ಹೆಬ್ಬೆರಳು ಒತ್ತಿ ನೋಡಿದರು. ಹೆಬ್ಬೆರಳಿಗೆ ಒಂದು ಹನಿಯೂ ಹತ್ತಲಿಲ್ಲ.

“ಕರೀಂಸಾಬನ ಅಂಗಡಿ ಮುಂದ ಒಂದೀಟು ನಿಂದ್ರಸು,” ಅಂದು ಅವರು ಗಾಡಿ ಹತ್ತಿದರು.

ಸೂಗಮ್ಮ ಇನ್ನೂ ಬಾಗಿಯೇ ನಿಂತಿದ್ದಳು. ಬಾನೆಟ್ ಹಾಕಲು ಬಂದ ಅಣ್ಣನನ್ನು ಎಣ್ಣೆಗೈಯಿಂದಲೇ ತಡೆದು, ಇಂಜಿನಿನ ಇನ್ನೊಂದು ಭಾಗ ತೋರಿಸಿ ಕೇಳಿದಳು: “ಇದು ಏನು ಮಾಡ್ತದಣ್ಣಾ?”